ಅಪ್ಪ ತಲೆಯಾಡಿಸಲಿಲ್ಲ

ಅಂಗಡಿಯಿಂದ,
ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಅಪ್ಪ ಅವತ್ತು ತಲೆಯಾಡಿಸಲಿಲ್ಲ. "ಅಪ್ಪ ಹೂಂ ಅಂತ ತಲೆಯಾಡಿಸಿದ" ಎಂದು ಆಸ್ಪತ್ರೆಯಿಂದ ನಾನು ನಿನಗೆ ಫೋನಿನಲ್ಲಿ ಹೇಳಿದ್ದು ಸುಳ್ಳು. ಇಷ್ಟು ತಿಂಗಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದೆ. ಕ್ಷೇಮ ಸಮಾಚಾರವನ್ನು ಆಮೇಲೆ ಬರೆಯುತ್ತೇನೆ. ಇದನ್ನು ಮೊದಲು ಬರೆಯದಿದ್ದರೆ ಅದೂ ಇದೂ ಬರೆದು, ಇದೊಂದನ್ನು ಬಿಟ್ಟು, ಸಹಿ ಹಾಕಿಬಿಡುತ್ತೇನೆ ಎಂಬ ಅನುಮಾನ ನನಗೇ ಇದೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಅಕ್ಕ ಅಲ್ಲ, ಟೀಚರು. ನನ್ನ ಒಂದು ವಾಕ್ಯ ಮುಗಿಯುವ ಮೊದಲೇ "ಅಂದ್ರೆ? ಯಾಕೆ? ಮೊದಲು ಏನಾಯ್ತು ಅದನ್ನ ಹೇಳು" ಎಂದು ಶುರು ಮಾಡುತ್ತೀ. ನಾನು ತಕ್ಷಣ ಹತ್ತನೇ ಕ್ಲಾಸಿನ ನಡುವೆ ಬೆಂಚಿನಿಂದ ಎದ್ದು ಮನೆಗೆ ಬಂದ ಹುಡುಗಿಯಾಗಿಬಿಡುತ್ತೇನೆ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕಲು ಆಗುವುದಿಲ್ಲ. ಸಂಜೆ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುತ್ತೇನೆ. ಅವನ ಬಸ್ಸಿನ ಟೈರುಗಳಿಗೆಲ್ಲ ನಮ್ಮದೇ ತೇಪೆ, ಇಷ್ಟು ಉಪಕಾರ ಮಾಡುತ್ತಾನೆ. ಬೆಳಗ್ಗೆ ಬಸ್ಸು ನಿಂತಾಗಲೇ "ಒಡೆದು ಓದ್ಬೇಡಣ್ಣಾ" ಅಂದೆ. "ನಿನ್ನ ಅಕ್ಷರ ನಿನಗೇ ಅರ್ಥ ಆದ್ರೆ ಸಾಕು ತಾಯಿ" ಅಂದ.

ಈಗಲೇ ಯಾಕೆ ಬರೆಯುತ್ತಿದ್ದೇನೆಂದರೆ, ನಿನ್ನೆ ನೀನು ಹೇಳಿದ ಮಾತಿನಿಂದ. ಮಂಗಳವಾರಕ್ಕೆ ನಿಮ್ಮೂರಿನ ದೊಡ್ಡ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿದೆ, ಅಪ್ಪನ ತಲೆಯೊಳಗಿನ ರಕ್ತನಾಳದ ಉಬ್ಬನ್ನು ಮುಚ್ಚುತ್ತಾರೆ ಅಂದೆ. ಸರಿ. ಆಮೇಲೆ ನೀನು ಅಂದೆ: "ಅಪ್ಪಂಗೆ ಏನೂ ಹೇಳ್ಬೇಡ. ಸುಮ್ನೆ ಚೆಕಪ್ಪು ಅಂತ ಬಸ್ ಹತ್ತಿಸ್ಕೊಂಡು ಬಾ. ಇಲ್ಲಿಗೆ ಬಂದ್ಮೇಲೆ ನಾನು ನೋಡ್ಕೋತೀನಿ. ಅವತ್ತು ಅಷ್ಟು ದೊಡ್ಡದಕ್ಕೇ ಧೈರ್ಯವಾಗಿ ತಲೆಯಾಡಿಸಿದೋನು, ಇದಕ್ಕೇನು ಬೇಡ ಅಂತಾನಾ?"

ಗಿರಾಕಿ ಬಂದ ಎಂದು ಫೋನ್ ಇಟ್ಟೆ. ಗಿರಾಕಿ ಬಂದಿದ್ದ, ಅದು ಸುಳ್ಳಲ್ಲ.

ಅವತ್ತಿನದನ್ನು ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದೂ ಇದೆ, ಆದರೆ ನನ್ನ ಬಾಯಲ್ಲಿ ಕೇಳಿದ್ದು ನಿನಗೆ ನೆಟ್ಟಗೆ ಸಿಕ್ಕಿಲ್ಲ.

ಬೆಳಗಿನ ಹೊತ್ತು. ಅಪ್ಪ ಒಂದು ಜೀಪಿನ ಚಕ್ರವನ್ನು ನೆಲಕ್ಕೆ ಮಲಗಿಸಿ, ಕಬ್ಬಿಣದ ಲಿವರ್ ಹಾಕಿ ಟೈರನ್ನು ರಿಮ್ಮಿನಿಂದ ಎಬ್ಬಿಸುತ್ತಿದ್ದ. ಬಲಗೈಯಿಂದ ಲಿವರ್ ಜಾರಿ ಬಿತ್ತು. "ಏನಪ್ಪಾ, ಕೈಗೆ ಸೋಪು ಹಚ್ಕೊಂಡಿದ್ದೀಯಾ?" ಅಂದೆ. ಅವನು ಬಗ್ಗಿ ಎತ್ತಿಕೊಳ್ಳಲು ಹೋದ, ಹಾಗೇ ಟೈರಿನ ಮೇಲೆ ಕುಳಿತ. ಸುಸ್ತಾಗಿ ಕುಳಿತ ಹಾಗೆ ಕಂಡಿತು. ಮುಖ ಎತ್ತಿದಾಗ ಬಾಯಿಯ ಬಲಗಡೆ ಕೆಳಗೆ ಇಳಿದಿತ್ತು. ಏನೋ ಹೇಳಿದ, ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ.

ನಾನು ಕಿರುಚಿದ್ದಕ್ಕೆ ಎದುರಿನ ಕಟಿಂಗ್ ಶಾಪಿನವನು ಕತ್ತಿ ಹಿಡಿದುಕೊಂಡೇ ಓಡಿಬಂದ. ನೋಡಿದವನೇ, "ಇದು ಲಕ್ವಾನೇ. ನೀರು ಗೀರು ಕುಡಿಸ್ಬೇಡ, ಎತ್ತು" ಅಂದ. ಅವನ ಕುರ್ಚಿಯಲ್ಲಿ ಕುಳಿತಿದ್ದ ಗಿರಾಕಿಯ ಕಾರು ಬಾಗಿಲಲ್ಲೇ ಇತ್ತು. ಆ ಮನುಷ್ಯ ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ತುಂಬ ನೊರೆ, ಕೊರಳಿಗೆ ಬಿಳಿ ಬಟ್ಟೆ, ಹಾಗೇ ಬಂದು ಸ್ಟೀರಿಂಗ್ ಹಿಡಿದ. ಆಸ್ಪತ್ರೆಯ ಬಾಗಿಲಲ್ಲಿ ಕಾವಲಿನವನು ಅವನ ಕಡೆಗೇ ಗಾಲಿ ಕುರ್ಚಿ ತಳ್ಳಿಕೊಂಡು ಬಂದ. ನಮ್ಮ ಕ್ಷೌರಿಕ, "ಅವನಲ್ಲಪ್ಪಾ, ಅವನಿಗೆ ಅರ್ಧ ಶೇವಿಂಗ್ ಬಾಕಿ ಅಷ್ಟೇ. ರೋಗಿ ಹಿಂದೆ ಇದ್ದಾನೆ" ಅಂದ. ನನಗೆ ನಗು ಬಂತು. ನಕ್ಕೆ ಕೂಡ. ಅಪ್ಪನ ತಲೆ ನನ್ನ ತೊಡೆಯ ಮೇಲಿತ್ತು.

ಸ್ಕ್ಯಾನ್ ಆದ ಮೇಲೆ ಒಬ್ಬ ಡಾಕ್ಟರಮ್ಮ ಬಂದರು. ಎಕ್ಸ್‌ರೇ ತಡೆಯುವ ಸೀಸದ ದಪ್ಪ ಏಪ್ರನ್ ಮೈಮೇಲೇ ಇತ್ತು, ಯಾವುದೋ ಕೆಲಸದ ನಡುವೆ ಎದ್ದು ಬಂದವರ ಹಾಗೆ. ಪರದೆಯ ಮೇಲೆ ಅಪ್ಪನ ತಲೆಯ ರಕ್ತನಾಳಗಳನ್ನು ತೋರಿಸಿದರು. ಎಡಗಡೆಯ ದೊಡ್ಡ ನಾಳ ಅರ್ಧದಾರಿಯಲ್ಲೇ ನಿಂತುಬಿಟ್ಟಿತ್ತು. ಅಲ್ಲಿಂದ ಮುಂದೆ ಕಪ್ಪು, ಏನೂ ಇಲ್ಲ. "ಇಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಹಾಕ್ಕೊಂಡಿದೆ. ಕರಗೋಕೆ ಇಂಜೆಕ್ಷನ್ ಕೊಟ್ಟಿದ್ದೀವಿ. ಇಷ್ಟು ದೊಡ್ಡದಕ್ಕೆ ಅದು ಸಾಕಾಗಲ್ಲ. ತೊಡೆಯ ನಾಳದಿಂದ ಕೊಳವೆ ಬಿಟ್ಟು ಮೇಲಕ್ಕೆ ಹೋಗಿ ಹೊರಗೆ ತೆಗೀಬೇಕು" ಅಂದರು. ಆಮೇಲೆ ಬೆರಳನ್ನು ಸ್ವಲ್ಪ ಕೆಳಗಿಳಿಸಿ, ಅದೇ ನಾಳದ ಗೋಡೆಗೆ ಅಂಟಿಕೊಂಡಿದ್ದ ಒಂದು ದುಂಡನೆಯ ಬೊಬ್ಬೆಯ ಹತ್ತಿರ ನಿಲ್ಲಿಸಿದರು.

"ಅದು ಗೊತ್ತು ಮೇಡಂ, ಮೊದಲೇ ಇತ್ತು" ಅಂದೆ.

"ಗೊತ್ತಿರೋದು ಒಳ್ಳೇದಾಯ್ತು. ಗೊತ್ತಿಲ್ದೆ ಹೋದ್ರೆ ತಂತಿ ಸೀದಾ ಅದರೊಳಗೇ ನುಗ್ಗಬಹುದು. ಆದ್ರೆ ಹೆಪ್ಪು ಇರೋದು ಇದನ್ನ ದಾಟಿ. ದಾರಿ ಇದೊಂದೇ."

ಅತ್ತೆ ಇಂಥದ್ದೇ ಉಬ್ಬು ಒಡೆದು ಹೋದ ಮೇಲೆ, ಒಡಹುಟ್ಟಿದವನಿಗೂ ಇರಬಹುದು ಅಂತ ತಾನೇ ಅಪ್ಪನ ತಲೆಯನ್ನೂ ನೋಡಿಸಿದ್ದು. ನೀನೇ ಹಟ ಹಿಡಿದು ಕರೆದುಕೊಂಡು ಹೋಗಿದ್ದೆ. ಸಣ್ಣದಿದೆ, ಕಣ್ಣಿಟ್ಟಿರೋಣ ಎಂದು ಆಗಿನ ಡಾಕ್ಟರು ಹೇಳಿದ್ದರು. ಉಬ್ಬು ಬಂದ ಟೈರನ್ನು ಅಪ್ಪ ಯಾವ ಗಿರಾಕಿಗೂ ಓಡಿಸಲು ಬಿಡುತ್ತಿರಲಿಲ್ಲ. "ಹೆಂಡತಿ ಮಕ್ಕಳು ಇದ್ದಾರೋ ಇಲ್ವೋ ನಿನಗೆ?" ಎಂದು ಬೈದು ಬಿಚ್ಚಿಡುತ್ತಿದ್ದ. ತನ್ನ ತಲೆಯದಕ್ಕೆ ಮಾತ್ರ "ನಿಧಾನಕ್ಕೆ ಓಡ್ಸಿದ್ರೆ ಏನೂ ಆಗಲ್ಲ" ಅಂದ.

ನಾನು ಡಾಕ್ಟರಮ್ಮನನ್ನು ಕೇಳಿದೆ, "ಹೆಪ್ಪು ತೆಗೀದೆ ಬಿಟ್ರೆ?" ಬಲಗೈ, ಬಲಗಾಲು, ಮಾತು ಹೋಗುತ್ತವೆ, ಪ್ರಾಣವೂ ಹೋಗಬಹುದು ಅಂದರು. "ತೆಗೆಯೋಕೆ ಹೋಗಿ ಉಬ್ಬು ಒಡೆದ್ರೆ?" ಮೇಜಿನ ಮೇಲೇ ಹೋಗಬಹುದು ಅಂದರು. ಒಡೆಯುವ ಸಾಧ್ಯತೆ ಕಡಿಮೆ, ಆದರೆ ಇಲ್ಲ ಅಂತ ಹೇಳಲಾರೆ ಅಂದರು. ಯಾವ ಮಾತಿಗೂ ಸಕ್ಕರೆ ಸವರಲಿಲ್ಲ. ಬೇಗ ಹೇಳಿ, ಕಾದಷ್ಟೂ ಮೆದುಳು ಸಾಯ್ತಾ ಇರುತ್ತೆ ಎಂದು ಹೇಳಿ ಕೈತೊಳೆಯಲು ಹೋದರು.

ಆಗ ನಿನಗೆ ಫೋನ್ ಮಾಡಿದ್ದು. ಅಮ್ಮ ಇಲ್ಲದ ಮನೆಯಲ್ಲಿ ಇಂಥದ್ದನ್ನೆಲ್ಲ ನಿನ್ನನ್ನು ಕೇಳಿಯೇ ನನಗೆ ಅಭ್ಯಾಸ.

ನೀನು ಏನಂದೆ ನೆನಪಿದೆಯಾ? "ಬೇಡ, ಬೇಡ, ತಲೆಗೆ ಕೈ ಹಾಕೋಕೆ ಬಿಡ್ಬೇಡ. ಕೈಕಾಲು ಹೋದ್ರೆ ಹೋಗ್ಲಿ, ನಾನು ನೋಡ್ಕೋತೀನಿ. ಅಪ್ಪ ಇದ್ರೆ ಸಾಕು." ನೀನು ಹಾಗಂದದ್ದನ್ನು ನಾನು ತಪ್ಪು ಅನ್ನುವುದಿಲ್ಲ. ಸ್ನಾನದ ಮನೆಯ ಬಾಗಿಲು ತಳ್ಳಿ, ಒಳಗೆ ಬಿದ್ದಿದ್ದ ಅತ್ತೆಯನ್ನು ನೋಡಿದವಳು ನೀನು. ನಾನು ಆಗ ಊರು ಸುತ್ತಲು ಹೋಗಿದ್ದೆ. ಒಡೆಯುವುದು ಅಂದರೆ ಏನು ಅಂತ ನಿನಗೆ ಗೊತ್ತು, ನನಗೆ ಮಾತು ಮಾತ್ರ ಗೊತ್ತು.

ಕೊನೆಗೆ ನೀನೇ ಅಂದೆ, "ಅಪ್ಪಂಗೆ ಪ್ರಜ್ಞೆ ಇದ್ಯಲ್ಲ, ಅವನನ್ನೇ ಕೇಳು. ಅವನು ಹೂಂ ಅಂದ್ರೆ ನಾನು ಅಡ್ಡ ಬರಲ್ಲ."

ಫೋನನ್ನು ಎದೆಗೆ ಒತ್ತಿಕೊಂಡು ಹೋದೆ. ಅಪ್ಪ ತಳ್ಳುಮಂಚದ ಮೇಲಿದ್ದ. ಕಣ್ಣು ತೆರೆದಿತ್ತು, ನನ್ನನ್ನೇ ನೋಡುತ್ತಿತ್ತು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ತೆಗೆಸೋಣವಾ ಅಂದೆ. ತಲೆ ಅಲ್ಲಾಡಲಿಲ್ಲ, ಮೇಲೆ ಕೆಳಗೂ ಇಲ್ಲ, ಅತ್ತ ಇತ್ತಲೂ ಇಲ್ಲ. ಮತ್ತೆ ಕೇಳಿದೆ. ರೆಪ್ಪೆ ಬಡಿದ. ರೆಪ್ಪೆ ಎಲ್ಲರೂ ಬಡಿಯುತ್ತಾರೆ. ನರ್ಸು ಮಂಚದ ಗಾಲಿಯ ಕೊಕ್ಕೆಯನ್ನು ಕಾಲಿನಿಂದ ಬಿಡಿಸಿ, "ಏನಮ್ಮಾ, ಆ ಕಡೆಗೋ, ಈ ಕಡೆಗೋ?" ಅಂದಳು.

ನಾನು ಫೋನ್ ಕಿವಿಗಿಟ್ಟು "ಅಕ್ಕಾ, ಅಪ್ಪ ಹೂಂ ಅಂತ ತಲೆಯಾಡಿಸಿದ" ಅಂದೆ.

ನೀನು "ಅವನೇ ಒಪ್ಪಿದ್ರೆ ಸರಿ" ಅಂದೆ. ನಾನು ಸಹಿ ಹಾಕಿದೆ.

ಯಾಕೆ ಹಾಗೆ ಹೇಳಿದೆ ಅನ್ನುವುದನ್ನೂ ಬರೆಯುತ್ತೇನೆ. ಅಪ್ಪನ ಪ್ರಾಣಕ್ಕಾಗಿ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಅದು ಪೂರ್ತಿ ನಿಜವಲ್ಲ. ನಾನು ಆ ಹೊತ್ತಿನಲ್ಲಿ ಯೋಚಿಸಿದ್ದು ಅಂಗಡಿಯ ಬಗ್ಗೆ. ಅಪ್ಪ ಮಾತಿಲ್ಲದೆ, ಕೈಯಿಲ್ಲದೆ ಒಳಗಿನ ಮಂಚದ ಮೇಲೆ, ನಾನು ಹೊರಗೆ ಟೈರುಗಳ ನಡುವೆ, ವರ್ಷಗಟ್ಟಲೆ. ನೋಡ್ಕೋತೀನಿ ಅಂತ ನೀನು ಮನಸಾರೆ ಅಂದೆ. ಆದರೆ ನಿನಗೆ ಶಾಲೆಯಿದೆ, ಭಾವ ಇದ್ದಾರೆ, ಮಗು ಇದೆ. ನೋಡಿಕೊಳ್ಳುವವಳು ನಾನೇ ಆಗುತ್ತಿದ್ದೆ. ಅದು ನನ್ನಿಂದ ಆಗುವುದಿಲ್ಲ ಅನ್ನಿಸಿತು. ಒಂದು ಕಡೆ ಅರ್ಧ ಗಂಟೆ ಕೂರಲಾರದವಳು ನಾನು. ಹೋದರೆ ಪೂರ್ತಿ ಹೋಗಲಿ, ಬಂದರೆ ಪೂರ್ತಿ ಬರಲಿ ಅಂದುಕೊಂಡೆ. ಇಷ್ಟೇ. ಇದನ್ನು ಓದಿ ನಿನಗೆ ನನ್ನ ಮೇಲೆ ಅಸಹ್ಯ ಬಂದರೆ ಬರಲಿ.

ಆಪರೇಷನ್ ಕೋಣೆಯ ಕೆಂಪು ದೀಪ ಹೊತ್ತಿಕೊಂಡ ಮೇಲೆ ಹೊರಗೆ ನಾನು, ಕ್ಷೌರಿಕ, ಆ ಅರ್ಧ ಗಡ್ಡದ ಮನುಷ್ಯ, ಮೂರೂ ಜನ ಸಾಲಾಗಿ ಕುಳಿತೆವು. ನೊರೆ ಅವನ ಕೆನ್ನೆಯ ಮೇಲೆ ಒಣಗಿ ಬಿರುಕುಬಿಟ್ಟಿತ್ತು. ಹೋಗಿ ಅಂದರೂ ಹೋಗಲಿಲ್ಲ. "ಹೀಗೆ ಎಲ್ಲಿಗೆ ಹೋಗ್ಲಿ ಹೇಳು" ಅಂದ.

ನಡುವೆ ಒಬ್ಬ ಕಿರಿಯ ಡಾಕ್ಟರು ಬಂದು, ಅಪ್ಪ ಯಾವ ಮಾತ್ರೆ ತಗೋತಿದ್ದರು ಅಂತ ಇನ್ನೊಮ್ಮೆ ಬಿಡಿಸಿ ಕೇಳಿದರು. ಇದೂ ನಿನಗೆ ಗೊತ್ತಿಲ್ಲ. ಅಪ್ಪನ ಎದೆಬಡಿತ ತಾಳ ತಪ್ಪುತ್ತದೆ ಎಂದು ರಕ್ತ ತೆಳುವಾಗುವ ಮಾತ್ರೆ ಕೊಟ್ಟಿದ್ದರಲ್ಲ, ಅದನ್ನು ಅವನು ನಿಲ್ಲಿಸಿದ್ದ. ತಲೆಯಲ್ಲಿ ಉಬ್ಬಿದೆ ಅಂತ ಗೊತ್ತಾದ ಕೆಲವೇ ದಿನಕ್ಕೆ. ಟ್ಯೂಬ್ ಇಲ್ಲದ ಟೈರಿನೊಳಗೆ ನಾವು ಪಂಕ್ಚರ್ ಆಗದಿರಲಿ ಅಂತ ಒಂದು ದಪ್ಪ ದ್ರಾವಣ ಸುರಿಯುತ್ತೇವೆ, ನೋಡಿದ್ದೀಯ. ಎಲ್ಲಿ ತೂತಾದರೂ ಅಲ್ಲಿಗೆ ಹರಿದು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಯಾರಾದರೂ ನೀರು ಬೆರೆಸಿದರೆ ಪಿಚಕಾರಿಯ ಹಾಗೆ ಸೋರಿಹೋಗುತ್ತದೆ. ಅಪ್ಪ ಒಂದು ದಿನ ಕೆಲಸದ ನಡುವೆ ನನ್ನನ್ನು ಕೇಳಿದ, "ನೀನೇ ಹೇಳು, ತೂತು ಬೀಳೋ ಜಾಗ ಇದೆ ಅಂತ ಗೊತ್ತಿದ್ಮೇಲೆ ಒಳಗೆ ಗಟ್ಟಿ ಇರ್ಬೇಕೋ, ತೆಳ್ಳಗೆ ಇರ್ಬೇಕೋ?"

"ಗಟ್ಟಿ" ಅಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. ನಿನ್ನನ್ನು ಕೇಳಿದ್ದರೆ ನೀನು ಇಬ್ಬರಿಗೂ ಬೈಯುತ್ತಿದ್ದೆ, ಅದಕ್ಕೇ ಯಾರೂ ನಿನ್ನನ್ನು ಕೇಳಲಿಲ್ಲ.

ಕಿರಿಯ ಡಾಕ್ಟರಿಗೆ ಇದನ್ನೆಲ್ಲ ಹೇಳಿದೆ. ದ್ರಾವಣದ ವಿಷಯವನ್ನೂ ಹೇಳಿದೆ. ಅವರು ಬರೆದುಕೊಳ್ಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಆ ಮಾತ್ರೆ ರಕ್ತವನ್ನು ನೀರು ಮಾಡುವುದಿಲ್ಲ, ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುತ್ತದೆ ಅಷ್ಟೇ. ಮಾತ್ರೆ ಬಿಟ್ಟದ್ದಕ್ಕೆ ಹೃದಯದಲ್ಲಿ ಹೆಪ್ಪುಗಟ್ಟಿ, ಅದು ತಲೆಗೆ ಹೋಗಿ ಕುಳಿತಿದೆ ಅಂದರು. ಉಬ್ಬಿಗೆ ಹೆದರಿ ಮಾಡಿದ ಕೆಲಸ. ಉಬ್ಬು ತನ್ನ ಪಾಡಿಗೆ ತಾನು ಸುಮ್ಮನಿತ್ತು.

ಕೆಂಪು ದೀಪ ಆರಿದ ಮೇಲೆ ಡಾಕ್ಟರಮ್ಮ ಹೊರಗೆ ಬಂದು, "ಬಂತು" ಅಂದರು. ಒಂದು ಚೌಕ ಬಟ್ಟೆಯ ಮೇಲೆ ಇಟ್ಟು ತೋರಿಸಿದರು. ಟೈರನ್ನು ತೇಪೆಗೆ ಉಜ್ಜಿದಾಗ ಉದುರುವ ರಬ್ಬರ್ ಚೂರಿನಷ್ಟು, ಕಪ್ಪುಗೆಂಪು. "ಇಷ್ಟಕ್ಕೇನಾ?" ಅಂದೆ. "ಇಷ್ಟಕ್ಕೇ" ಅಂದರು. ಸಾಮಾನ್ಯವಾಗಿ ಒಂದು ಸಣ್ಣ ಬಲೆಯನ್ನು ಹೆಪ್ಪಿನೊಳಗೆ ಬಿಚ್ಚಿ ಹಿಂದಕ್ಕೆ ಎಳೆಯುತ್ತಾರಂತೆ. ಹಾಗೆ ಎಳೆದರೆ ನಾಳ ಜಗ್ಗಿ ಉಬ್ಬಿಗೆ ಪೆಟ್ಟಾಗಬಹುದು ಅಂತ ಬಲೆ ಬಿಚ್ಚಲಿಲ್ಲ. ಉಬ್ಬಿನ ಬಾಯಿ ದಾಟುವಾಗ ತುದಿ ಬಾಗಿದ ತಂತಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಮುಂದೆ ಬಿಟ್ಟು, ಕೊಳವೆಯನ್ನು ಹೆಪ್ಪಿಗೆ ತಾಗಿಸಿ ಹೀರಿ ತೆಗೆದರು. ಮೊದಲ ಸಲ ಅರ್ಧ ಬಂತು. ಎರಡನೇ ಸಲಕ್ಕೆ ಉಳಿದದ್ದು ಬಂತು. "ನಿಮ್ಮಪ್ಪ ಒಪ್ಪಿದ್ರಾ?" ಎಂದು ಅವರು ಆಮೇಲೆ ಕೇಳಿದರು. ಅವರಿಗೂ ಹೂಂ ಅಂದೆ. ಒಂದು ಸಲ ಹೇಳಿದ ಮೇಲೆ ಎರಡನೆಯದು ಸಲೀಸು.

ಮುಂದಿನದು ನಿನಗೆ ಗೊತ್ತು. ಅಪ್ಪ ನಡೆದಾಡುತ್ತಾನೆ. ಬಲಗೈಗೆ ಬಲ ಸ್ವಲ್ಪ ಕಡಿಮೆ, ಲಿವರ್ ಕೆಲಸ ನಾನು ಮಾಡುತ್ತೇನೆ. ಮಾತು ಬಂದಿದೆ, ಆದರೆ ಬೇಕಾದ ಪದದ ಬದಲು ಪಕ್ಕದ್ದು ಬರುತ್ತದೆ. ಗಾಳಿ ತುಂಬುವ ಕಂಪ್ರೆಸರಿಗೆ "ಅತ್ತೆ" ಅನ್ನುತ್ತಾನೆ. ಯಾಕೋ ಗೊತ್ತಿಲ್ಲ. ಶಬ್ದ ಹಾಗಿದೆ ಅಂತಲೇ ಇರಬಹುದು, ಅತ್ತೆ ಮಾತಾಡಿದರೆ ಬೀದಿ ತುದಿಗೆ ಕೇಳುತ್ತಿತ್ತು. ಈಗ ಗಿರಾಕಿಗಳೂ "ಸ್ವಲ್ಪ ಅತ್ತೆ ಆನ್ ಮಾಡಮ್ಮಾ, ಮುಂದಿನ ಚಕ್ರಕ್ಕೆ ಗಾಳಿ ಇಲ್ಲ" ಅನ್ನುತ್ತಾರೆ. ಅಪ್ಪನೂ ನಗುತ್ತಾನೆ. ಮಾತ್ರೆ ಬಿಡದೆ ನುಂಗುತ್ತಾನೆ, ನಾನು ಎದುರಿಗೆ ನಿಂತಿರುತ್ತೇನೆ.

ಎಲ್ಲ ಚೆನ್ನಾಗಿ ಆಯಿತಲ್ಲ, ಇನ್ನು ಯಾಕೆ ಅಂತ ನೀನು ಕೇಳುತ್ತೀ. ಚೆನ್ನಾಗಿ ಆದದ್ದರಿಂದಲೇ ಸುಳ್ಳು ದೊಡ್ಡದಾಯಿತು. ನೀನು ನಿನ್ನ ಶಾಲೆಯಲ್ಲಿ ಎಲ್ಲರಿಗೂ ಹೇಳಿದ್ದೀಯ. "ಮಾತು ಹೋಗಿದ್ದರೂ ಅಪ್ಪ ತಲೆಯಾಡಿಸಿ ಒಪ್ಪಿದ, ನಾನು ಬೇಡ ಅಂದರೂ ಅವನು ಹೆದರಲಿಲ್ಲ" ಅಂತ. ಹೋದ ಸಲ ಭಾವ ಬಂದಾಗ ಅಪ್ಪನ ಎದುರಿಗೇ, "ಮಾವಾ, ನಿಮ್ಮ ಧೈರ್ಯ ಯಾರಿಗೆ ಬರುತ್ತೆ ಹೇಳಿ" ಅಂದರು. ಅಪ್ಪ ನನ್ನ ಮುಖ ನೋಡಿದ. ನಾನು ಚಹಾ ಮಾಡಲು ಒಳಗೆ ಹೋದೆ.

ಈಗ ನೀನು ಅದೇ ತಲೆಯಾಡಿಸಿದ್ದನ್ನು ಹಿಡಿದುಕೊಂಡು, ಅವತ್ತು ಒಪ್ಪಿದವನು ಇವತ್ತೂ ಒಪ್ಪಿದ ಹಾಗೇ, ಹೇಳದೆ ಕರೆದುಕೊಂಡು ಬಾ ಅನ್ನುತ್ತಿದ್ದೀಯ. ಅವನು ಎಂದೂ ಒಪ್ಪಿಲ್ಲ ಅಕ್ಕಾ. ಅವತ್ತು ಕೇಳಲು ಪುರುಸೊತ್ತಿರಲಿಲ್ಲ, ಕೇಳಿದರೂ ಉತ್ತರ ಬರಲಿಲ್ಲ. ಇವತ್ತು ಪುರುಸೊತ್ತಿದೆ. ಪದ ತಪ್ಪಿದರೂ ಬಾಯಿದೆ. ಉಬ್ಬು ಮುಚ್ಚಬೇಕೋ ಬೇಡವೋ ಅನ್ನುವುದನ್ನು ಅವನೇ ಹೇಳಬೇಕು. ನೀನು ಬೇಡ ಅಂದಾಗ ನಾನು ಸುಳ್ಳು ಹೇಳಿ ಮಾಡಿಸಿದೆ. ಈಗ ನೀನು ಬೇಕು ಅನ್ನುತ್ತಿದ್ದೀಯ, ನನಗೂ ಬೇಕು ಅಂತಲೇ ಇದೆ. ಆದರೂ ಸುಳ್ಳು ಹೇಳಿ ಬಸ್ಸು ಹತ್ತಿಸುವುದಿಲ್ಲ. ನಿನಗೆ ಇದು ಹುಚ್ಚು ಹಟ ಅನ್ನಿಸಬಹುದು.

ಅದಕ್ಕೆ ಇವತ್ತು ಬೆಳಗ್ಗೆ ಶಟರ್ ಎತ್ತುವ ಮೊದಲೇ ಅಪ್ಪನನ್ನು ಕೂರಿಸಿ ಹೇಳಿದೆ. ಮಂಗಳವಾರ ಹಾಸಿಗೆ ಸಿಕ್ಕಿದೆ. ಮತ್ತೆ ತೊಡೆಯಿಂದಲೇ ಹೋಗುತ್ತಾರೆ. ಉಬ್ಬಿನೊಳಗೆ ಕೂದಲಿಗಿಂತ ಮೆತ್ತಗಿನ ತಂತಿಯನ್ನು ಸುತ್ತಿ ಸುತ್ತಿ ತುಂಬಿ, ರಕ್ತ ಒಳಗೆ ಹೋಗದ ಹಾಗೆ ಮಾಡುತ್ತಾರೆ. ಮಾಡುವಾಗಲೇ ಒಡೆಯಬಹುದು, ಇರುವ ಮಾತೂ ಹೋಗಬಹುದು. ಮಾಡದೆ ಬಿಟ್ಟರೆ ಸಾಯುವವರೆಗೂ ಸುಮ್ಮನೆ ಇರಬಹುದು, ನಾಡಿದ್ದೇ ಒಡೆಯಲೂಬಹುದು. ಹೋದ ತಿಂಗಳ ಸ್ಕ್ಯಾನಿನಲ್ಲಿ ಮೊದಲಿಗಿಂತ ದೊಡ್ಡದಾಗಿದೆ, ಅದಕ್ಕೇ ಇಲ್ಲಿನ ಡಾಕ್ಟರಮ್ಮ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟು ಅವಸರ ಮಾಡುತ್ತಿದ್ದಾರೆ. ಒಂದನ್ನೂ ಬಿಡಲಿಲ್ಲ. "ಅಕ್ಕ ಹೇಳ್ಬೇಡ ಅಂದಿದ್ಳು, ನಾನು ಹೇಳ್ತಿದ್ದೀನಿ" ಅಂತಲೂ ಹೇಳಿದೆ. ಚಾಡಿ ಅಂದುಕೊಳ್ಳಬೇಡ.

ಅಪ್ಪ ಕೇಳಿಸಿಕೊಂಡ. ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ಪೂರ್ತಿ ತಿಂದ. ಆಮೇಲೆ, "ಅತ್ತೆ ಆನ್ ಮಾಡು" ಅಂತ ಹೇಳಿ ಎದ್ದು ಹೋದ. ಬೆಳಗಿನಿಂದ ಒಂದು ಮಾತಿಲ್ಲ. ಈಗಲೂ ಹೊರಗೆ ಒಂದು ಸೈಕಲ್ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತದೆ ಎಂದು ನೋಡುತ್ತ ಕುಳಿತಿದ್ದಾನೆ. ತುಂಬ ಹೊತ್ತಾಯಿತು. ಆ ಟ್ಯೂಬಿನಲ್ಲಿ ಅಷ್ಟು ತೂತು ಇರಲಾರದು.

ಕಂಡಕ್ಟರು ಬರುವ ಹೊತ್ತಿಗೆ ಅಪ್ಪ ಏನಾದರೂ ಅಂದರೆ ಕೊನೆಗೆ ಸೇರಿಸುತ್ತೇನೆ. ಬೇಡ ಅಂದರೆ ನಾನು ಕರೆದುಕೊಂಡು ಬರುವುದಿಲ್ಲ. ಹಾಸಿಗೆಯನ್ನು ನೀನು ಬಿಡಿಸಬೇಕಾಗುತ್ತದೆ. ಏನೂ ಅನ್ನದಿದ್ದರೂ ಕರೆದುಕೊಂಡು ಬರುವುದಿಲ್ಲ. ಸುಮ್ಮನಿರುವುದನ್ನು ಹೂಂ ಅಂತ ಒಂದು ಸಲ ಓದಿದ್ದಾಯಿತು. ನೀನೇ ಬಂದು ಅವನ ಜೊತೆ ಜಗಳವಾಡು, ಅಳು, ಒಪ್ಪಿಸು. ನಾನು ನಡುವೆ ಬರುವುದಿಲ್ಲ. ಆಮೇಲೆ ಒಡೆದರೆ ನೀನು ಬೈಯುವುದನ್ನೆಲ್ಲ ನಿಂತು ಕೇಳಿಸಿಕೊಳ್ಳುತ್ತೇನೆ.

ಇನ್ನು ಕ್ಷೇಮ ಸಮಾಚಾರ. ಮೇಲಿನ ಕೋಣೆಯ ಕಿಟಕಿಗೆ ಗಾಜು ಹಾಕಿಸಿದೆ. ಕ್ಷೌರಿಕ ನಿನ್ನನ್ನು ಕೇಳಿದ. ಮಗುವಿನ ಜ್ವರ ಬಿಟ್ಟಿತಾ, ಬರೆ. ನೀನು ನನ್ನ ಮೇಲೆ ಸಿಟ್ಟಾಗು, ಆದರೆ ಮಾತು ಬಿಡಬೇಡ. ಮನೆಯಲ್ಲಿ ಮಾತು ಕಡಿಮೆ ಇರುವವರು ಒಬ್ಬರು ಸಾಕು.

ನಿನ್ನ
ಬುಗುರಿ

ತಾ.ಕ.: ಕವರು ಅಂಟಿಸುವಾಗ ಅಪ್ಪ ಒಳಗೆ ಬಂದ. ಏನದು ಅಂತ ಕೈ ಮಾಡಿದ. ಪೂರ್ತಿ ಓದಿ ಹೇಳಿದೆ, ನಿನ್ನ ಬಗ್ಗೆ ಬರೆದದ್ದನ್ನೂ, ನಾನು ಅವನನ್ನು ನೋಡಿಕೊಳ್ಳಲಾರೆ ಅಂದುಕೊಂಡದ್ದನ್ನೂ. ನಡುವೆ ತಳ್ಳುಮಂಚದ ವಿಷಯ ಬಂದಾಗ ನಿಲ್ಲಿಸು ಅಂದ. ಪದ ಹುಡುಕಲು ಬಹಳ ಹೊತ್ತು ಬೇಕಾಯಿತು. "ಕೇಳ್ತಿತ್ತು. ಎಲ್ಲಾ ಕೇಳ್ತಿತ್ತು. ಬೇಡ ಅಂತಿದ್ದೆ. ತಲೆ ಬರ್ಲಿಲ್ಲ." ಅವನು ಅವತ್ತು ಬೇಡ ಅನ್ನುತ್ತಿದ್ದನಂತೆ ಅಕ್ಕಾ. "ಮತ್ತೆ ಈಗ?" ಅಂದೆ. ಅವನು ಗೋಡೆಗೆ ಒರಗಿ ನಿಂತು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, "ಭಯ ಇದೆ. ಹೋಗೋಣ" ಅಂದ. ಈ ಸಲ ಒಂದು ಪದವೂ ತಪ್ಪಲಿಲ್ಲ. ಸರಿಯಾಗಿ ಕೇಳಿಸಿತೋ ಇಲ್ಲವೋ ಅಂತ ಎರಡನೇ ಸಲ ಹೇಳಿಸಿದೆ. ಹೇಳಿದ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇವೆ.